ಒಂದೇ ರೆಪೊ, ನಾಲ್ಕು ಪೈಪ್‌ಲೈನ್: ಬಿಲ್ಡ್ ಸೇವೆಗಳ ಹೋಲಿಕೆ ಎಲ್ಲಿಗೆ ಬಂತು

ನಮ್ಮ ಬಿಡುವಿನ ಪ್ರಾಜೆಕ್ಟ್ ಈಗ ಜೆಂಕಿನ್ಸ್, ಗಿಟ್‌ಲ್ಯಾಬ್ ಸಿಐ, ಗಿಟ್‌ಹಬ್ ಆಕ್ಷನ್ಸ್, ಸರ್ಕಲ್‌ಸಿಐ ನಾಲ್ಕರಲ್ಲೂ ಓಡುತ್ತಿದೆ. ಕೋಡ್ ಬದಲಾದಾಗ ಅದನ್ನು ಪರೀಕ್ಷಿಸಿ, ಕಟ್ಟಿ, ಸರ್ವರ್‌ಗೆ ಹಾಕುವ ಕೆಲಸವನ್ನು ತಾವಾಗಿ ಮಾಡುವ ಬಿಲ್ಡ್ ಸೇವೆಗಳಿವು; ನಾಲ್ಕನ್ನೂ ಹೋಲಿಸಿ ಒಂದನ್ನು ಆರಿಸಿಕೊಳ್ಳೋದು ನಮ್ಮ ಉದ್ದೇಶ. ಕೋಡ್ ಒಂದೇ. ಪೈಥಾನ್‌ನಲ್ಲಿ ಬರೆದ ವೆಬ್ ಸರ್ವೀಸ್, ಅದರ ಹಿಂದೆ ಪೋಸ್ಟ್‌ಗ್ರೆಸ್, ಜೊತೆಗೆ ನೋಡ್‌ನಲ್ಲಿ ಬಿಲ್ಡ್ ಆಗುವ ಸಣ್ಣ ಯುಐ. ಪೈಪ್‌ಲೈನ್ ಮಾಡಬೇಕಾದ ಕೆಲಸವೂ ಒಂದೇ: ಟೆಸ್ಟ್ ಓಡಿಸಬೇಕು, ಡಾಕರ್ ಇಮೇಜ್ (ಕೋಡ್ ಮತ್ತು ಅದು ಓಡಲು ಬೇಕಾದ್ದೆಲ್ಲ ಸೇರಿದ ಪೊಟ್ಟಣ) ಕಟ್ಟಬೇಕು, ಸ್ಟೇಜಿಂಗ್‌ಗೆ (ಪ್ರಯೋಗದ ಸರ್ವರ್) ಹಾಕಬೇಕು, ಯಾರಾದರೂ ಒಪ್ಪಿಗೆ ಕೊಟ್ಟ ಮೇಲೆ ಪ್ರೊಡಕ್ಷನ್‌ಗೆ (ಜನ ಬಳಸುವ ಸರ್ವರ್) ಕಳಿಸಬೇಕು.

ಈ ಸಲದ ದೊಡ್ಡ ಬದಲಾವಣೆ ಆಗಿದ್ದು ರೆಪೊ (ಕೋಡ್ ಇಡುವ ಜಾಗ) ಒಳಗೇ. ಪೈಪ್‌ಲೈನ್‌ನ ಹಂತಗಳನ್ನು ಬರೆದಿಡುವ ಯಾಮೆಲ್ ಫೈಲ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕಮ್ಯಾಂಡ್‌ಗಳನ್ನೆಲ್ಲ ಎತ್ತಿ ಒಂದೇ ಶೆಲ್ ಸ್ಕ್ರಿಪ್ಟ್‌ಗೆ ಹಾಕಿದೆವು. ಈಗ ಪ್ರತಿ ಸೇವೆಯೂ ಅದೇ ಸ್ಕ್ರಿಪ್ಟನ್ನು ಕರೆಯುತ್ತದೆ, ಲ್ಯಾಪ್‌ಟಾಪ್‌ನಲ್ಲೂ ಅದೇ ಓಡುತ್ತದೆ. ಇದಾದ ಮೇಲೆ ಹೋಲಿಕೆಯ ಬಣ್ಣವೇ ಬದಲಾಯಿತು. ಟೆಸ್ಟ್ ಓಡಿಸೋದು, ಇಮೇಜ್ ಕಟ್ಟೋದು ಎಲ್ಲರಿಗೂ ಬರುತ್ತೆ. ಬಿಲ್ಡ್ ಕೆಟ್ಟಾಗ ಒಳಗೆ ಇಣುಕೋದು ಹೇಗೆ, ಕೀಗಳು (ಪಾಸ್‌ವರ್ಡ್, ಟೋಕನ್‌ನಂಥ ಸೀಕ್ರೆಟ್‌ಗಳು) ಯಾರ ಹತ್ತಿರ ಇರುತ್ತವೆ, ಡಿಪ್ಲಾಯ್‌ಗೆ ಹೂಂ ಅನ್ನೋರು ಯಾರು, ವ್ಯತ್ಯಾಸ ಇರೋದು ಇಲ್ಲಿ.

ಮೊದಲು ನಿಮಿಷಗಳ ಲೆಕ್ಕ ಮುಗಿಸಿಬಿಡೋಣ. ಖಾಸಗಿ ರೆಪೊಗೆ ಉಚಿತ ಪ್ಲಾನ್‌ನಲ್ಲಿ ಗಿಟ್‌ಹಬ್ ಬಿಲ್ಡ್ ಓಡಿಸಲು ತಿಂಗಳಿಗೆ 2,000 ನಿಮಿಷ ಕೊಡುತ್ತದೆ, ಗಿಟ್‌ಲ್ಯಾಬ್ 400. ನೋಡಿದ ತಕ್ಷಣ ಗಿಟ್‌ಹಬ್ ಗೆದ್ದಿತು ಅನ್ನಿಸುತ್ತೆ ಅಲ್ವಾ? ಆದರೆ ಗಿಟ್‌ಹಬ್ ಪ್ರತಿ ಜಾಬ್‌ನ (ಪೈಪ್‌ಲೈನ್‌ನ ಒಂದು ತುಂಡು ಕೆಲಸ) ಸಮಯವನ್ನೂ ಮುಂದಿನ ಪೂರ್ತಿ ನಿಮಿಷಕ್ಕೆ ಏರಿಸಿ ಲೆಕ್ಕ ಹಾಕುತ್ತದೆ. ಹತ್ತು ಸೆಕೆಂಡಿನ ಲಿಂಟ್ (ಕೋಡಿನ ಮೇಲ್ನೋಟದ ತಪಾಸಣೆ) ಜಾಬ್‌ಗೂ ಒಂದು ನಿಮಿಷ ಹೋಯಿತು. ಅಂದವಾಗಿ ಕಾಣಲಿ ಅಂತ ಕೆಲಸವನ್ನು ಸಣ್ಣ ಸಣ್ಣ ಜಾಬ್ ಮಾಡಿದಷ್ಟೂ ಕೋಟಾ ಸುಮ್ನೆ ಕರಗುತ್ತದೆ. ಲಿಂಟ್, ಟೈಪ್ ಚೆಕ್, ಯೂನಿಟ್ ಟೆಸ್ಟ್ ಮೂರನ್ನೂ ಒಂದೇ ಜಾಬ್‌ಗೆ ಸೇರಿಸಿದ್ದೇವೆ. ಸ್ವಂತ ಮಷೀನಿನಲ್ಲಿ ರನ್ನರ್ (ಜಾಬ್‌ಗಳನ್ನು ಓಡಿಸುವ ಪ್ರೋಗ್ರಾಂ) ಇಟ್ಟುಕೊಂಡರೆ ಗಿಟ್‌ಲ್ಯಾಬ್‌ನ 400 ಖರ್ಚೇ ಆಗೋದಿಲ್ಲ. ಒಂದು ಎಚ್ಚರ: ಪಬ್ಲಿಕ್ ರೆಪೊಗೆ ಸ್ವಂತ ರನ್ನರ್ ಕಟ್ಟಬೇಡಿ. ಯಾರೋ ಫೋರ್ಕ್ ಮಾಡಿ (ರೆಪೊ ನಕಲಿಸಿಕೊಂಡು) ಕಳಿಸಿದ ಕೋಡ್ ನಿಮ್ಮ ಮಷೀನಿನಲ್ಲಿ ಓಡಿಬಿಡಬಹುದು.

ಕ್ಯಾಶ್ (ಮುಂದಿನ ಬಿಲ್ಡ್ ಬೇಗ ಆಗಲಿ ಅಂತ ಉಳಿಸಿಟ್ಟ ಫೈಲ್‌ಗಳು) ವಿಷಯದಲ್ಲಿ ಗಿಟ್‌ಹಬ್ ನಮ್ಮಂಥವರಿಗೆ ಅಷ್ಟಾಗಿ ಒಗ್ಗೋದಿಲ್ಲ. 7 ದಿನ ಯಾರೂ ಮುಟ್ಟದ ಕ್ಯಾಶನ್ನು ಅದು ಅಳಿಸಿಹಾಕುತ್ತದೆ. ದಿನಾ ಪುಶ್ ಮಾಡುವ ತಂಡಕ್ಕೆ ಇದು ಗೊತ್ತೂ ಆಗಲ್ಲ. ಬಿಡುವಾದಾಗ ಮಾತ್ರ ಕೋಡ್ ಮುಟ್ಟೋರಿಗೆ ಹೆಚ್ಚುಕಮ್ಮಿ ಪ್ರತಿ ಬಿಲ್ಡೂ ಮೊದಲಿನಿಂದ ಶುರು.

ಬಿಲ್ಡ್ ಕೆಟ್ಟಾಗ ಯಾರು ಕೈ ಹಿಡಿಯುತ್ತಾರೆ? ಇಲ್ಲಿ ಸರ್ಕಲ್‌ಸಿಐ ಎಲ್ಲರಿಗಿಂತ ಮುಂದೆ. ಕೆಟ್ಟ ಜಾಬನ್ನು ಎಸ್‌ಎಸ್‌ಎಚ್ (ದೂರದ ಮಷೀನಿಗೆ ಲಾಗಿನ್ ಆಗುವ ದಾರಿ) ಜೊತೆ ಮತ್ತೆ ಓಡಿಸುವ ಬಟನ್ ಇದೆ. ಕಂಟೇನರ್ ಒಳಗೇ ಹೋಗಿ ಎನ್ವಿರಾನ್‌ಮೆಂಟ್ ವೇರಿಯಬಲ್ ಏನಿದೆ, ಫೈಲ್ ಎಲ್ಲಿದೆ ಅಂತ ಕಣ್ಣಾರೆ ನೋಡಬಹುದು. ಜೆಂಕಿನ್ಸ್‌ನ ರೀಪ್ಲೇ ಕೂಡ ಜಾಣ ಸೌಲಭ್ಯ. ಪೈಪ್‌ಲೈನ್ ಸ್ಕ್ರಿಪ್ಟನ್ನು ಬ್ರೌಸರ್‌ನಲ್ಲೇ ತಿದ್ದಿ, ಕಮಿಟ್ ಮಾಡದೆ (ರೆಪೊಗೆ ಸೇರಿಸದೆ) ಓಡಿಸಿ ನೋಡಬಹುದು. ‘ಯಾಮೆಲ್ ಸರಿ ಮಾಡಿದೆ’, ‘ಮತ್ತೆ ಸರಿ ಮಾಡಿದೆ’ ಅನ್ನುವ ಕಮಿಟ್‌ಗಳ ಸಾಲು ಎಲ್ಲರ ರೆಪೊದಲ್ಲೂ ಇರುತ್ತೆ, ಅದು ಇಲ್ಲಿ ತಪ್ಪುತ್ತದೆ. ಗಿಟ್‌ಹಬ್‌ನಲ್ಲಿ ಇಂಥದ್ದು ಇಲ್ಲ. ಆಕ್ಟ್ ಅನ್ನುವ ಟೂಲ್ ವರ್ಕ್‌ಫ್ಲೋವನ್ನು ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಮೂಲಕ ಓಡಿಸುತ್ತದೆ, ಆದರೆ ಅಸಲಿ ರನ್ನರ್‌ನಲ್ಲಿರೋದೆಲ್ಲ ಅದರಲ್ಲಿರಲ್ಲ.

ಕೀಗಳ ಮಾತು ಸ್ವಲ್ಪ ಜಾಸ್ತಿ ಬೇಕು. 2023ರ ಜನವರಿಯಲ್ಲಿ ಸರ್ಕಲ್‌ಸಿಐ ತನ್ನ ಗ್ರಾಹಕರಿಗೆ ಇಟ್ಟಿರುವ ಸೀಕ್ರೆಟ್‌ಗಳನ್ನೆಲ್ಲ ಬದಲಿಸಿ ಅಂತ ಹೇಳಬೇಕಾಯಿತು. ಒಬ್ಬ ಎಂಜಿನಿಯರ್ ಲ್ಯಾಪ್‌ಟಾಪ್‌ಗೆ ಹೊಕ್ಕ ಮಾಲ್‌ವೇರ್, ಆಗಲೇ ಲಾಗಿನ್ ಆಗಿದ್ದ ಸೆಷನ್ನನ್ನು ಕದ್ದಿತ್ತು. ಎರಡು ಹಂತದ ಲಾಗಿನ್ ಇದ್ದೂ ಉಪಯೋಗವಾಗಲಿಲ್ಲ. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್ ಆಕ್ಷನ್ಸ್ ಲೋಕದಲ್ಲಿ ಬೇರೆ ಥರದ ಏಟು. ಬದಲಾದ ಫೈಲ್‌ಗಳನ್ನು ಪತ್ತೆ ಹಚ್ಚುವ ಟಿಜೆ-ಆಕ್ಷನ್ಸ್ ಅವರ ಜನಪ್ರಿಯ ಆಕ್ಷನ್ನಿನ (ಬೇರೆಯವರು ಬರೆದಿಟ್ಟ ಸಿದ್ಧ ಹಂತ) ಟ್ಯಾಗ್‌ಗಳನ್ನು, ಅಂದರೆ ಆವೃತ್ತಿಯ ಹೆಸರುಗಳನ್ನು, ಯಾರೋ ಕೆಟ್ಟ ಕಮಿಟ್‌ಗೆ ತಿರುಗಿಸಿದರು. ಆ ಕೋಡ್ ಸೀಕ್ರೆಟ್‌ಗಳನ್ನು ಬಿಲ್ಡ್ ಲಾಗ್‌ಗೇ ಸುರಿಯುತ್ತಿತ್ತು. ಟ್ಯಾಗನ್ನು ಬೇಕಾದಾಗ ಎಲ್ಲಿಗೆ ಬೇಕಾದರೂ ತಿರುಗಿಸಬಹುದು ಅನ್ನೋದೇ ಸಮಸ್ಯೆ.

ಹಾಗಾಗಿ ಎರಡು ಕೆಲಸ ಮಾಡಿದ್ದೇವೆ. ಹೊರಗಿನ ಆಕ್ಷನ್‌ಗಳನ್ನೆಲ್ಲ ಪೂರ್ತಿ ಕಮಿಟ್ ಹ್ಯಾಶ್‌ಗೆ (ಬೇರೆ ಕೋಡಿಗೆ ತಿರುಗಿಸಲಾಗದ ಗುರುತು) ಕಟ್ಟಿಹಾಕಿದ್ದೇವೆ. ಕ್ಲೌಡ್‌ನ ಕಾಯಂ ಕೀ ತೆಗೆದು, ಒಐಡಿಸಿ (ಜಾಬ್ ಯಾವುದೆಂದು ಕ್ಲೌಡ್‌ಗೆ ಖಾತ್ರಿಪಡಿಸುವ ವ್ಯವಸ್ಥೆ) ಮೂಲಕ ಆ ಜಾಬ್‌ನ ಮಟ್ಟಿಗೆ ಮಾತ್ರ ಬದುಕುವ ಟೋಕನ್ ಪಡೆಯುತ್ತಿದ್ದೇವೆ. ಗಿಟ್‌ಹಬ್, ಗಿಟ್‌ಲ್ಯಾಬ್, ಸರ್ಕಲ್‌ಸಿಐ ಮೂರರಲ್ಲೂ ಇದು ಬರುತ್ತೆ. ಜೆಂಕಿನ್ಸ್‌ಗೆ ಇದಕ್ಕೂ ಒಂದು ಪ್ಲಗಿನ್ ಹಾಕಬೇಕು. ಅಲ್ಲಿ ಗಿಟ್ ಕೂಡ ಪ್ಲಗಿನ್ನೇ, ಬಿಡಿ. 2011ರಲ್ಲಿ ಒರಾಕಲ್ ಜೊತೆ ಹೆಸರಿನ ಜಗಳವಾಗಿ ಹಡ್ಸನ್‌ನಿಂದ ಬೇರೆಯಾಗಿ ಬಂದ ಈ ಹಳೆಯ ಹುಲಿಗೆ ಬಾರದ ವಿದ್ಯೆ ಇಲ್ಲ. ಆದರೆ ಪ್ಲಗಿನ್ ಅಪ್‌ಡೇಟ್ ಮಾಡುತ್ತಾ ಕೂರಲು ನಮ್ಮಲ್ಲಿ ಯಾರೂ ತಯಾರಿಲ್ಲ. ಪಟ್ಟಿಯಿಂದ ಅದು ಹೊರಗೆ. ಸರ್ಕಲ್‌ಸಿಐ ಕೂಡ ಹೊರಗೆ, ಎಸ್‌ಎಸ್‌ಎಚ್ ಬಟನ್ ಬಿಟ್ಟುಕೊಡೋಕೆ ಬೇಜಾರಿದ್ದರೂ. ಕೋಡ್ ಇರುವ ಜಾಗ ಬೇರೆ, ಬಿಲ್ಡ್ ಆಗುವ ಜಾಗ ಬೇರೆ ಆದರೆ ಕೀ ಕೊಡಬೇಕಾದ ಬಾಗಿಲು ಇನ್ನೊಂದು ಹೆಚ್ಚಾಯಿತು.

ಉಳಿದ ಎರಡರ ನಡುವೆ ಒಪ್ಪಿಗೆಯ ಹಂತದಲ್ಲಿ ನನ್ನ ಮತ ಗಿಟ್‌ಲ್ಯಾಬ್‌ಗೆ. ಜಾಬ್‌ಗೆ ಮ್ಯಾನ್ಯುಯಲ್ ಅಂತ ಒಂದು ಸಾಲು ಬರೆದರೆ ಅದು ಬಟನ್ ಒತ್ತುವವರೆಗೆ ಕಾಯುತ್ತದೆ. ಮೇನ್ ಬ್ರಾಂಚನ್ನು ಪ್ರೊಟೆಕ್ಟ್ ಮಾಡಿದರೆ ಅದಕ್ಕೆ ಮರ್ಜ್ ಮಾಡುವ ಹಕ್ಕಿದ್ದವರು ಮಾತ್ರ ಒತ್ತಬಹುದು. ಸಣ್ಣ ತಂಡಕ್ಕೆ ಇಷ್ಟು ಸಾಕು. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಗೆ ರಿವ್ಯೂವರ್ ಒಪ್ಪಿಗೆ ಬೇಕೆಂದರೆ ಎಂಟರ್‌ಪ್ರೈಸ್ ಪ್ಲಾನ್ ಬೇಕು. ಅಲ್ಲಿ ಪ್ರೊಡಕ್ಷನ್ ಡಿಪ್ಲಾಯನ್ನು ಕೈಯಾರೆ ಶುರು ಮಾಡುವ ಬೇರೆಯೇ ವರ್ಕ್‌ಫ್ಲೋ ಮಾಡಿಟ್ಟಿದ್ದೇವೆ. ಕೆಲಸ ನಡೆಯುತ್ತೆ, ಆದರೆ ಯಾವ ಬಿಲ್ಡ್ ಹೋಗಬೇಕು ಅಂತ ಇಮೇಜ್ ಟ್ಯಾಗನ್ನು ಪ್ರತಿ ಸಲ ನಾವೇ ಕೊಡಬೇಕು.

ಇನ್ನು ಬಾಕಿ ಇರೋದು ರೋಲ್‌ಬ್ಯಾಕ್. ಹಳೆಯ ಇಮೇಜ್ ಮತ್ತೆ ಹಾಕೋದು ಎರಡೂ ಕಡೆ ಸುಲಭ. ಡೇಟಾಬೇಸ್ ಮೈಗ್ರೇಷನ್ (ಟೇಬಲ್‌ಗಳ ರಚನೆಯ ಬದಲಾವಣೆ) ಆಗಿಬಿಟ್ಟಿದ್ದರೆ ಹಳೆಯ ಕೋಡ್ ಹೊಸ ಸ್ಕೀಮಾದ (ರಚನೆಯ) ಮೇಲೆ ನಿಲ್ಲಬೇಕಲ್ಲ, ಅದನ್ನು ಯಾವ ಸೇವೆಯೂ ಮಾಡಿಕೊಡಲ್ಲ. ಕಾಲಂ ತೆಗೆಯುವ ಮೈಗ್ರೇಷನ್‌ಗಳನ್ನು ಒಂದು ರಿಲೀಸ್ ತಡಮಾಡಿ ಓಡಿಸುವಂತೆ ಸ್ಕ್ರಿಪ್ಟ್ ತಿದ್ದುತ್ತಿದ್ದೇವೆ. ಅದು ಸರಿಯಾಗಿ ನೆಲೆನಿಂತ ಮೇಲೆ ಎರಡರಲ್ಲಿ ಒಂದನ್ನು ಆರಿಸುತ್ತೇವೆ.