ಇಪ್ಪತ್ತೊಂದನೆಯವರಿಗೆ ತೆರೆಯದ ಫೋಲ್ಡರ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆ. ಆಫೀಸಿನಲ್ಲಿ ಮೂವತ್ತೆರಡು ಕಂಪ್ಯೂಟರ್. ಡ್ರಾಯಿಂಗ್‌ಗಳೆಲ್ಲ ಒಬ್ಬರ ವಿಂಡೋಸ್ 10 ಡೆಸ್ಕ್‌ಟಾಪಿನಲ್ಲೇ ಇದ್ದವು. ಫೋಲ್ಡರ್ ಶೇರ್ ಮಾಡಿ, 'ಎವ್ರಿವನ್'ಗೆ ಫುಲ್ ಕಂಟ್ರೋಲ್ ಕೊಟ್ಟುಬಿಟ್ಟಿದ್ದರು; ಅಂದರೆ ಯಾರು ಬೇಕಾದರೂ ತಿದ್ದಬಹುದು, ಅಳಿಸಬಹುದು.

ದಿನಾ ಹತ್ತೂವರೆ ಹೊತ್ತಿಗೆ ಅಲ್ಲಿಂದ ನನಗೆ ಫೋನ್. "ಸರ, ಈಗಷ್ಟ ಬರ್ತಿತ್ರಿ, ಈಗ ತೆರಿವಲ್ದು." ಎರಡು ದಿನ ಕೇಬಲ್, ಸ್ವಿಚ್ ಎಲ್ಲ ತಡಕಿದೆ. ಕೊನೆಗೆ ಆ ಯಂತ್ರದಲ್ಲಿ ತೆರೆದಿದ್ದ ಸಂಪರ್ಕಗಳನ್ನು ಎಣಿಸಿದೆ: ಸರಿಯಾಗಿ 20. ಡೆಸ್ಕ್‌ಟಾಪ್ ವಿಂಡೋಸ್‌ಗೆ ಇರುವ ಮಿತಿಯೇ ಅಷ್ಟು. ತಡವಾಗಿ ಬಂದವರಿಗೆ ಜಾಗವಿಲ್ಲ.

ಒಂದು ಸಣ್ಣ ಸರ್ವರ್ ತರಿಸಿದೆವು. ನನಗೆ ನಿಜವಾಗಿ ಹಿಡಿಸಿದ ಕೆಲಸ ಅದರ ನಂತರದ್ದು: ಯಾರು ಏನನ್ನು ನೋಡಬೇಕು, ಯಾರು ತಿದ್ದಬೇಕು ಅಂತ ಪ್ರತಿ ಮೇಜಿಗೂ ಹೋಗಿ ಕೇಳಿ ಬರೆದುಕೊಂಡದ್ದು. ಅನುಮತಿ ವ್ಯಕ್ತಿಗಲ್ಲ, ಗುಂಪಿಗೆ. ನೆಟ್‌ವರ್ಕಿನಿಂದ ಬರುವವರಿಗೆ ಶೇರ್‌ನ ಅನುಮತಿ, ಡಿಸ್ಕಿನಲ್ಲಿರುವ ಫೈಲ್‌ಗಳ ಮೇಲಿನ ಎನ್‌ಟಿಎಫ್‌ಎಸ್ ಅನುಮತಿ ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಹಾಗಾಗಿ ಯಾರಿಗೆ ಎಷ್ಟು ಅನ್ನುವ ಲೆಕ್ಕವನ್ನೆಲ್ಲ ಎನ್‌ಟಿಎಫ್‌ಎಸ್‌ನಲ್ಲೇ ಇಟ್ಟೆ. ಶ್ಯಾಡೋ ಕಾಪಿಯನ್ನೂ ಹಾಕಿದೆ; ಫೈಲ್‌ಗಳ ಹಿಂದಿನ ರೂಪವನ್ನು ಆಗಾಗ ಉಳಿಸಿಡುವ ಏರ್ಪಾಡು ಅದು.

ಹಳೇ ಸ್ಕ್ಯಾನರ್‌ಗೆ ಎಸ್‌ಎಂಬಿ 1, ಅಂದರೆ ವಿಂಡೋಸ್ ಫೈಲ್ ಹಂಚಿಕೆಯ ಹಳೇ ವಿಧಾನ, ಬೇಕಿತ್ತು. ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ಅದೇ ದಾರಿಯಲ್ಲಿ. ಸ್ಕ್ಯಾನ್ ಈಗ ಇಮೇಲಿಗೆ ಹೋಗುತ್ತದೆ, ಅಷ್ಟೇ.

ಮೊನ್ನೆ ಡ್ರಾಯಿಂಗ್ ವಿಭಾಗದ ಹುಡುಗಿಯೊಬ್ಬಳು ತಪ್ಪಿ ಹಳೇ ಫೈಲಿನ ಮೇಲೆ ಹೊಸದನ್ನು ಸೇವ್ ಮಾಡಿ, ಕಣ್ಣು ತುಂಬಿಕೊಂಡು ಕೂತಿದ್ದಳು. ರೈಟ್ ಕ್ಲಿಕ್, ಹಿಂದಿನ ಆವೃತ್ತಿಗಳು, ಮಧ್ಯಾಹ್ನ ಹನ್ನೆರಡರ ಪ್ರತಿ. ಫೈಲ್ ತೆರೆದಾಗ ಗೆರೆಗಳೆಲ್ಲ ಇದ್ದಲ್ಲೇ ಇದ್ದವು. "ಬಂತ್ರಿ ಸರ!" ಅಂದಳು.