ಬ್ಯಾಗು ಹೊಲಿದರೆ ಬದುಕು ನಡೆಯುತ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

2024ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಬಂದ ಮೇಲೆ ಮಗುವಿನ ಬಗ್ಗೆ ಕೇಳಿದವರಿಗಿಂತ ಅಲ್ಲಿನ ಹೊಲಿಗೆ ಕೋಣೆಯ ಬಗ್ಗೆ ಕೇಳಿದವರೇ ಜಾಸ್ತಿ. ಅಟ್ಲಾಂಟಾ ಪಕ್ಕದಲ್ಲಿ ಕ್ಲಾರ್ಕ್‌ಸ್ಟನ್ ಅಂತ ಒಂದು ಸಣ್ಣ ಊರಿದೆ. ಭೂತಾನ್, ಬರ್ಮಾ, ಅಫ್ಘಾನಿಸ್ತಾನ, ಕಾಂಗೋ, ಸೊಮಾಲಿಯಾ ಬಿಟ್ಟು ಬಂದ ನಿರಾಶ್ರಿತರು ಹತ್ತಾರು ವರ್ಷಗಳಿಂದ ಅಲ್ಲಿ ಬಂದು ನೆಲೆಸಿದ್ದಾರೆ. ಅಲ್ಲಿ ಒಂದು ಕ್ರೈಸ್ತ ಸೇವಾ ಸಂಸ್ಥೆ ಈ ಹೆಂಗಸರಿಗೆ ಹೊಲಿಗೆ ಕಲಿಸಿ, ಅವರು ಮಾಡಿದ ಬ್ಯಾಗು, ದಿಂಬಿನ ಕವರು, ಮೇಜಿನ ಬಟ್ಟೆ ಮಾರಿಕೊಡುತ್ತದೆ. ಅಳಿಯ ಮನೆಯಲ್ಲಿದ್ದ ದಿನ, ವಾರಕ್ಕೆರಡು ಬೆಳಗ್ಗೆ, ನಾನು ಹೋಗಿ ಅವರ ಜೊತೆ ಕೂರುತ್ತಿದ್ದೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಲರಿಂಗ್ ಕ್ಲಾಸ್ ನಡೆಸುವವಳು ನಾನು. ಮಷಿನ್ ಸದ್ದು ಕೇಳಿದ ಮೇಲೆ ಮನೆಯಲ್ಲಿ ಸುಮ್ನೆ ಕೂರೋಕಾಗಲಿಲ್ಲ.

ನನ್ನ ಕ್ಲಾಸಿನ ಹುಡುಗಿಯರು, ಓಣಿಯವರು, ಮದುವೆಮನೆಯಲ್ಲಿ ಸಿಗುವ ನೆಂಟರು, ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲ ಅಕ್ಕಾ, ದೇಶಾನೇ ಬಿಟ್ಟು ಬಂದ ಹೆಂಗಸರಿಗೆ ಬ್ಯಾಗು ಹೊಲಿದರೆ ಬದುಕು ನಡೆಯುತ್ತಾ? ಅದೇ ದುಡ್ಡು ಕೈಗೆ ಕೊಟ್ಟರೆ ಮುಗೀತಲ್ವಾ?" ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಚರ್ಚಿನವರಂತೆ, ಮತಾಂತರ ಮಾಡ್ತಾರಾ?"

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ಬ್ಯಾಗು ಹೊಲಿದ ದುಡ್ಡಲ್ಲಿ ಅಲ್ಲಿ ಬಾಡಿಗೆ ಕಟ್ಟೋಕಾಗಲ್ಲ. ನಾನು ಕಂಡ ಹೆಂಗಸರ ತಿಂಗಳ ಸಂಪಾದನೆ ಬಾಡಿಗೆಯ ಕಾಲು ಭಾಗಕ್ಕೂ ಬರುತ್ತಿರಲಿಲ್ಲ. ನಿರಾಶ್ರಿತರಾಗಿ ಬಂದವರಿಗೆ ಮನೆ ಹುಡುಕಿಕೊಟ್ಟು, ಸಾಮಾನು ಜೋಡಿಸಿಕೊಟ್ಟು ನೋಡಿಕೊಳ್ಳುವ ಮೊದಲ ಸಹಾಯ ನಾನು ಹೋದಾಗ 90 ದಿನದ್ದಿತ್ತು. ಹತ್ತಿ ಬಂದ ವಿಮಾನದ ಟಿಕೆಟ್ಟೂ ಸಾಲವೇ. ಅದಕ್ಕೆ ಬಡ್ಡಿ ಇಲ್ಲ, ಆದರೆ ಆರು ತಿಂಗಳಾಗುತ್ತಿದ್ದಂತೆ ಕಂತು ಶುರುವಾಗುತ್ತಿತ್ತು. ಹಾಗಾಗಿ ಗಂಡಸರು, ಗಟ್ಟಿಮುಟ್ಟಾದ ಹೆಂಗಸರು ಕತ್ತಲಿರುವಾಗಲೇ ವ್ಯಾನ್ ಹತ್ತಿ ಗೇನ್ಸ್‌ವಿಲ್ ಕಡೆಯ ಕೋಳಿ ಮಾಂಸದ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಮನೆ ನಡೆಯುವುದು ಆ ಸಂಬಳದಿಂದ.

ಮನೆಯಲ್ಲಿ ಉಳಿಯುವವರು ಯಾರು? ಕೈಗೂಸಿನ ತಾಯಿ. ಸೊಂಟ ನೋವಿನ ಅತ್ತೆ. ಓದು ಬರಹ ಬಾರದ ಅಜ್ಜಿ. ಹೊಲಿಗೆ ಕೋಣೆ ಇರುವುದು ಇವರಿಗಾಗಿ. ಇವರಿಗೆ ಕೆಲಸ ಕೊಡುವ ಫ್ಯಾಕ್ಟರಿ ಇಲ್ಲ.

ಅಲ್ಲಿ ಎಲ್ಲರೂ 'ಆಮಾ' ಅಂತ ಕರೆಯುತ್ತಿದ್ದ ಒಬ್ಬರಿದ್ದರು. ಎಪ್ಪತ್ತರ ಆಸುಪಾಸು. ಭೂತಾನಿನ ದಕ್ಷಿಣದಲ್ಲಿದ್ದ ನೇಪಾಳಿ ಮಾತಿನ ಕುಟುಂಬ. 1989ರಲ್ಲಿ ಅಲ್ಲಿನ ಸರ್ಕಾರ ಹೊರಗೆ ಓಡಾಡುವಾಗ ಭೂತಾನೀ ಉಡುಪನ್ನೇ ತೊಡಬೇಕು ಅಂತ ಕಡ್ಡಾಯ ಮಾಡಿತು. ಉಡುವ ಬಟ್ಟೆಗೇ ಕೈ ಹಾಕಿದರು ಅನ್ನುವುದು ಈಗಲೂ ನನ್ನ ತಲೆಯಿಂದ ಹೋಗಿಲ್ಲ. ಪೌರತ್ವವೇ ಇಲ್ಲ ಅಂತಲೂ ಅಂದರು. 1990ರ ನಂತರ ಒಂದು ಲಕ್ಷಕ್ಕೂ ಹೆಚ್ಚು ಜನ ನೇಪಾಳದ ಝಾಪಾ, ಮೊರಂಗ್ ಕಡೆಯ ಶಿಬಿರಗಳಿಗೆ ಬಂದು ಬಿದ್ದರು. ಬಿದಿರಿನ ಗುಡಿಸಲು, ಅಳೆದು ಕೊಡುವ ಅಕ್ಕಿ. ಬೇರೆ ದೇಶಗಳು ಅವರನ್ನು ಕರೆಸಿಕೊಳ್ಳೋಕೆ ಶುರು ಮಾಡಿದ್ದು 2007ರ ಕೊನೆಗೆ. ಆಮಾ ಹದಿನೇಳು ವರ್ಷ ಶಿಬಿರದಲ್ಲಿದ್ದರು. ಅಲ್ಲಿ ಮಗ್ಗದಲ್ಲಿ ಢಾಕಾ ಅನ್ನುವ ನೇಪಾಳಿ ಕೈಮಗ್ಗದ ಬಟ್ಟೆ ನೇಯುತ್ತಿದ್ದರಂತೆ. ಮಗ್ಗ ಅಲ್ಲೇ ಉಳಿಯಿತು. ಇಷ್ಟನ್ನೂ ನಾನು ಕೇಳಿ ತಿಳಿದದ್ದು ಅವರ ಹರಕು ಹಿಂದಿ, ನನ್ನ ಹರಕು ಹಿಂದಿ ಸೇರಿಸಿ.

ಕರೆಂಟ್ ಮಷಿನ್ ಕಂಡರೆ ಆಮಾಗೆ ಹೆದರಿಕೆ. ಪೆಡಲ್ ಮೇಲೆ ಕಾಲಿಟ್ಟರೆ ಬಟ್ಟೆ ಓಡಿಹೋಗುತ್ತದೆ ಅಂತ ಕಿಟಕಿ ಹತ್ತಿರ ಸುಮ್ಮನೆ ಕೂತಿರುತ್ತಿದ್ದರು. ಬಸ್ಸಿನ ನಂಬರು ಗೊತ್ತಿಲ್ಲ. ಮೊಮ್ಮಗನ ಸ್ಕೂಲಿನ ಚೀಟಿ ಓದೋಕೆ ಬರಲ್ಲ. ಡಾಕ್ಟರು ಏನು ಹೇಳಿದರು ಅಂತ ಸೊಸೆಯನ್ನೇ ಕೇಳಬೇಕು. ಎಪ್ಪತ್ತು ವರ್ಷ ಬಾಳಿದ ಹೆಂಗಸು ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡಬೇಕು.

ಒಂದಿನ ಮಗುವಿಗೆಂದು ನಾನು ಇಲ್ಲಿಂದ ಒಯ್ದಿದ್ದ ಕೌದಿಯನ್ನು ತೋರಿಸೋಕೆ ತಗೊಂಡು ಹೋದೆ. ಹಳೇ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತಿಕೊಂಡು ಕೈಯಲ್ಲೇ ಹೊಲಿದದ್ದು. ಎಲ್ಲರೂ ಮುಂದಿನ ಬಣ್ಣ ನೋಡಿ ಚೆನ್ನಾಗಿದೆ ಅಂದರು. ಆಮಾ ಮಾತ್ರ ಕೌದಿಯನ್ನು ಬೋರಲು ಹಾಕಿದರು. ಹಿಂಬದಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ದಾರ ಮುಗಿದು ಹೊಸ ದಾರ ಶುರುವಾದ ಜಾಗ ಎಲ್ಲಿದೆ ಅಂತ ಹುಡುಕಿ, ಅಲ್ಲಿ ಗಂಟು ಕಾಣದೆ ಇದ್ದದ್ದು ನೋಡಿ ನನ್ನ ಕಡೆ ತಲೆಯೆತ್ತಿದರು. ಆಮೇಲೆ ಸೂಜಿ ಕೊಡು ಅಂತ ಕೈ ಚಾಚಿದರು. ಸೋಫಾ ಅಂಗಡಿಯವರು ಕೊಟ್ಟ ಸ್ಯಾಂಪಲ್ ಬಟ್ಟೆಯ ಚೂರುಗಳು ಅಲ್ಲಿ ರಾಶಿ ಬಿದ್ದಿದ್ದವು. ಅವತ್ತು ಮಧ್ಯಾಹ್ನದೊಳಗೆ ಇಬ್ಬರು ಬರ್ಮಾ ಹುಡುಗಿಯರು ಆಮಾ ಪಕ್ಕ ಕೂತು ಕೈ ಹೊಲಿಗೆ ಕಲಿಯುತ್ತಿದ್ದರು. ಭಾಷೆಯೇ ಬೇಕಾಗಲಿಲ್ಲ. ತಪ್ಪಾದರೆ ಆಮಾ ಅವರ ಕೈ ಮೇಲೆ ಒಂದು ಏಟು ಹಾಕುತ್ತಿದ್ದರು, ಅಷ್ಟೇ.

ದುಡ್ಡು ಕೈಗೆ ಕೊಟ್ಟರೆ ಆಗಲ್ವಾ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ದುಡ್ಡೂ ಬೇಕು. ಆದರೆ ಕೊಟ್ಟ ದುಡ್ಡು ಆಮಾನ ಹತ್ತಿರ ಬಂದು "ನನಗೂ ಸ್ವಲ್ಪ ಹೇಳಿಕೊಡಿ" ಅಂತ ಕೇಳುವುದಿಲ್ಲ.

ನನಗೆ ಇದು ಇಷ್ಟು ತಟ್ಟೋಕೆ ಕಾರಣ ನಮ್ಮ ಮನೆಯಲ್ಲೇ ಇದೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ ಊರು ನಮ್ಮದು. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದಾಗ ಸೋದರಮಾವ ತಿಂಗಳಿಗಿಷ್ಟು ಅಂತ ದುಡ್ಡು ಕಳಿಸುತ್ತಿದ್ದರು. ಅದನ್ನು ಇಸ್ಕೊಳ್ಳುವಾಗ ಅವ್ವ ತಲೆ ತಗ್ಗಿಸುತ್ತಿದ್ದಳು. ಆಮೇಲೆ ಅವ್ವ ಲಂಗ, ಕೌದಿ ಹೊಲಿದು ಕೊಡೋಕೆ ಶುರು ಮಾಡಿದಳು. ಬಂದದ್ದು ಮಾವ ಕೊಡುತ್ತಿದ್ದಕ್ಕಿಂತ ಕಮ್ಮಿ. ಆದರೆ ಅಳತೆ ತಪ್ಪು ಹೇಳಿದ ಗಿರಾಕಿಯನ್ನು ಅವ್ವ ಬಾಗಿಲಲ್ಲೇ ನಿಲ್ಲಿಸಿ ಗದರುತ್ತಿದ್ದದ್ದನ್ನು ನಾನು ನೋಡಿದ್ದೇನೆ. ತಲೆ ತಗ್ಗಿಸುತ್ತಿದ್ದ ಅದೇ ಅವ್ವ.

ಸಂಸ್ಥೆಯವರ ಒಂದು ವಿಷಯ ನನಗೆ ಹಿಡಿಸಲಿಲ್ಲ. ಪಾಪ, ಕಷ್ಟದಲ್ಲಿರುವವರು ಅಂತ ಸೊಟ್ಟ ಹೊಲಿಗೆಯ ಬ್ಯಾಗನ್ನೂ ತಗೊಂಡುಬಿಡುತ್ತಿದ್ದರು. ಕಾಬೂಲಿನಿಂದ ಬಂದ ಒಬ್ಬ ಹುಡುಗಿಯ ಬ್ಯಾಗಿನಲ್ಲಿ ಅಸ್ತರು ಎಳೆದುಕೊಂಡಿತ್ತು, ಹಿಡಿ ಒಂದು ಕಡೆ ಉದ್ದ. ನಾನು ಬಿಚ್ಚಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಸಂಸ್ಥೆಯ ಹೆಂಗಸಿಗೂ ನನ್ನ ಮೇಲೆ ಬೇಜಾರಾಯಿತು. ಮುಂದಿನ ವಾರ ಆ ಹುಡುಗಿ ಅದೇ ಬ್ಯಾಗನ್ನು ಸರಿ ಮಾಡಿ ತಂದಳು. ಹಿಡಿ ಎರಡೂ ಸಮ ಇವೆ ಅಂತ ತೋರಿಸೋಕೆ ಬೆರಳಿಗೆ ನೇತುಹಾಕಿ ಹಿಡಿದಿದ್ದಳು. ಅವಳ ಅಕ್ಕ ಇನ್ನೂ ಅಮೆರಿಕಕ್ಕೆ ಬರೋಕಾಗದೆ ಹೊರಗೇ ಇದ್ದಾಳೆ. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರು ಬರುವುದನ್ನೇ ತಡೆದ ಮೇಲೆ ಕಾಗದಪತ್ರ ಅಲ್ಲಿಗೇ ನಿಂತಿದೆ ಅಂತ ಮಗಳು ಫೋನಿನಲ್ಲಿ ಹೇಳಿದಳು.

ಕರುಣೆಯಿಂದ ಜನ ಒಂದು ಸಲ ಕೊಳ್ಳುತ್ತಾರೆ. ಎರಡನೇ ಸಲ ಕೊಳ್ಳುವುದು ವಸ್ತು ಚೆನ್ನಾಗಿದ್ದರೆ ಮಾತ್ರ. ಚರ್ಚಿನವರಿಗೆ ಈ ಕೆಲಸ ಹೊಸದೇನಲ್ಲ. 1946ರಲ್ಲಿ ಮೆನೊನೈಟ್ ಪಂಗಡದ ಎಡ್ನಾ ರೂತ್ ಬೈಲರ್ ಅನ್ನುವ ಹೆಂಗಸು ಪೋರ್ಟೊ ರಿಕೊದ ಬಡ ಹೆಂಗಸರ ಕಸೂತಿ ನೋಡಿ, ತಂದು, ಕಾರಿನಲ್ಲಿ ಹೇರಿಕೊಂಡು ಊರೂರಲ್ಲಿ ಮಾರಿದರು. ಮುಂದೆ ಪ್ಯಾಲೆಸ್ತೀನ್ ನಿರಾಶ್ರಿತ ಹೆಂಗಸರ ಕಸೂತಿಯೂ ಅದರಲ್ಲಿ ಸೇರಿತು. ಅದು ಬೆಳೆದು 'ಟೆನ್ ತೌಸಂಡ್ ವಿಲೇಜಸ್' ಅನ್ನುವ ಅಂಗಡಿಗಳಾಯಿತು. ಬರೀ ಕರುಣೆ ನಂಬಿದ್ದರೆ ಅಷ್ಟು ವರ್ಷ ನಡೆಯುತ್ತಿತ್ತಾ?

ಇನ್ನು ಮತಾಂತರದ ಪ್ರಶ್ನೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ನಾಡಿನಲ್ಲೇ ಹಳೇ ಕಥೆ ಇದೆ. ನಾವೆಲ್ಲ ಮಂಗಳೂರು ಹೆಂಚು ಅನ್ನುತ್ತೇವಲ್ಲ, ಅದರ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಾಕಿದ್ದು ಬಾಸೆಲ್ ಮಿಷನ್‌ನವರು. ನೇಯ್ಗೆ ಅದಕ್ಕೂ ಮುಂಚಿನದು. ಕ್ರೈಸ್ತರಾದವರನ್ನು ಜಾತಿಯಿಂದ ಹೊರಗೆ ಹಾಕಿದಾಗ ಅವರ ಹೊಟ್ಟೆಪಾಡೂ ಹೋಗುತ್ತಿತ್ತು, ಅದಕ್ಕೇ ಆ ಕೆಲಸಗಳು ಬೇಕಾದವು. ಅಲ್ಲಿ ಧರ್ಮ, ದುಡಿಮೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದನ್ನು ಮುಚ್ಚಿಡೋದು ಬೇಡ.

ಕ್ಲಾರ್ಕ್‌ಸ್ಟನ್‌ನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಪ್ರಾರ್ಥನೆ ಇರುತ್ತಿತ್ತು. ಬೇಡದವರು ಹೊರಗೆ ಚಹಾ ಕುಡಿಯುತ್ತಾ ನಿಲ್ಲುತ್ತಿದ್ದರು, ಅವರ ಕೂಲಿಯಲ್ಲಿ ಒಂದು ಪೈಸೆ ಕಮ್ಮಿಯಾಗುತ್ತಿರಲಿಲ್ಲ. ಮಧ್ಯಾಹ್ನ ಅಫ್ಘಾನ್ ಹೆಂಗಸರಿಗೆ ನಮಾಜಿಗೆಂದು ಬಟ್ಟೆ ಇಡುವ ಕೋಣೆಯನ್ನು ಖಾಲಿ ಮಾಡಿ ಕೊಡುತ್ತಿದ್ದರು. ನನ್ನ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇತ್ತು. ಏನದು ಅಂತ ಕೇಳಿದರು, ಹೇಳಿದೆ, ಮುಗಿಯಿತು. ನೀವು ಯಾಕೆ ಇದನ್ನು ಮಾಡ್ತೀರಿ ಅಂತ ನಾನೂ ಅವರನ್ನು ಕೇಳಿದೆ. ಪರದೇಶದವರನ್ನು ಮನೆಗೆ ಸೇರಿಸಿಕೊಂಡವರು ನನ್ನನ್ನೇ ಸೇರಿಸಿಕೊಂಡ ಹಾಗೆ ಎಂದು ಯೇಸು ಹೇಳುವ ಮಾತು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ, ಅದಕ್ಕೆ, ಅಂದರು. ಕಾಯಕ, ದಾಸೋಹ ಅನ್ನುವ ಮಾತು ಕೇಳಿ ಬೆಳೆದವಳಿಗೆ ಅದು ಪರಕೀಯ ಅನ್ನಿಸಲಿಲ್ಲ.

ನಿರಾಶ್ರಿತರು ಅಂದರೆ ನಮಗೂ ದೂರದವರಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಬರುವ ಟಿಬೆಟಿಯನ್ನರನ್ನು ಕಂಡೇ ಇದ್ದೇವೆ. ಮುಂಡಗೋಡಿನಲ್ಲಿ 1966ರಲ್ಲಿ ಅವರಿಗೆ ನೆಲೆ ಸಿಕ್ಕಾಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದ್ದ ನಿಜಲಿಂಗಪ್ಪನವರು.

ನಾನು ಹೊರಡುವ ವಾರ, ಆಮಾ ಮತ್ತು ನಾನು ಸೇರಿ ಹಾಕಿದ್ದ ಕೌದಿ ಒಂದು ಮೂಲೆ ಬಿಟ್ಟು ಮುಗಿದಿತ್ತು. ನಮ್ಮ ಅವ್ವ ಕೊನೇ ಮೂಲೆ ಮುಚ್ಚುವ ಮುಂಚೆ ನಾಲ್ಕು ಕಾಳು ಅಕ್ಕಿ ಒಳಗೆ ಹಾಕುತ್ತಿದ್ದಳು, ಹೊದ್ದವರು ಹಸಿದಿರಬಾರದು ಅಂತ. ಅದನ್ನು ಆಮಾಗೆ ಹೇಳಿದೆ. ಮಾರನೇ ದಿನ ಅವರು ಅಕ್ಕಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದರು. ನಾನು ಕಾಳು ಹಾಕಿ ಮೂಲೆ ಹೊಲಿದು ದಾರ ಕತ್ತರಿಸಿದೆ. ಆಮಾ ಕೌದಿ ಎಳೆದುಕೊಂಡು ತಿರುವಿ ನೋಡಿದರು. ಹೊಲಿಗೆ ದೊಡ್ಡದಾಯಿತು ಅಂದರು. ಅಕ್ಕಿ ಚೆಲ್ಲದ ಹಾಗೆ ಎಡಗೈಯಲ್ಲಿ ಮೂಲೆ ಒತ್ತಿ ಹಿಡಿದು, ನಾನು ಹಾಕಿದ್ದನ್ನು ಬಿಚ್ಚಿ, ತಾವೇ ಸಣ್ಣಗೆ ಹೊಲಿದು ಮುಚ್ಚಿದರು.