ಚಿಪ್ಪರ್‌ನ ಹೈಡ್ರಾಲಿಕ್ ಆಯಿಲ್ ಕೆಡುವುದು ಎಲ್ಲಿಂದ?

ತೆಂಗಿನ ಗರಿ, ಅಡಿಕೆ ಸೋಗೆ, ಕೊಂಬೆ ಪುಡಿ ಮಾಡುವ ದೊಡ್ಡ ಟ್ರ್ಯಾಕ್ಟರ್ ಚಿಪ್ಪರ್‌ಗಳಲ್ಲಿ ಬ್ಲೇಡ್ ತಿರುಗಿಸುವುದು ಪಿಟಿಒ, ಅಂದರೆ ಟ್ರ್ಯಾಕ್ಟರ್ ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ತಿರುಗುವ ದಂಡ. ಸೊಪ್ಪು ಒಳಗೆ ಎಳೆಯುವ ರೋಲರ್‌ಗೆ ಪಂಪ್ ತಳ್ಳಿದ ಆಯಿಲ್‌ನ ಒತ್ತಡದಿಂದ ತಿರುಗುವ ಹೈಡ್ರಾಲಿಕ್ ಮೋಟರ್. ರೋಲರ್ ಸೋತರೆ ಎಲ್ಲರ ಅನುಮಾನವೂ ಪಂಪ್ ಮೇಲೆ. ಪಂಪ್ ಬಿಚ್ಚುವ ಮೊದಲು ಆಯಿಲ್ ನೋಡಿ.

ಟ್ರ್ಯಾಕ್ಟರ್‌ನದ್ದೇ ಆಯಿಲ್ ಹೋಸ್ ಮೂಲಕ ಚಿಪ್ಪರ್‌ಗೆ ಬರುತ್ತಿದ್ದರೆ ನೀವು ಬೇರೆ ಆರಿಸುವಂತಿಲ್ಲ. ಗೇರು, ಬ್ರೇಕಿಗೂ ಅದೇ ಆಯಿಲ್ ಆದ್ದರಿಂದ ಟ್ರ್ಯಾಕ್ಟರ್ ಕಂಪನಿ ಹೇಳಿದ್ದೇ ಇರಬೇಕು. ಚಿಪ್ಪರ್‌ಗೆ ಸ್ವಂತ ಟ್ಯಾಂಕ್ ಇದ್ದರೆ ಸಾಮಾನ್ಯವಾಗಿ ಐಎಸ್ಒ ವಿಜಿ 46 (ಆಯಿಲ್‌ನ ಗಟ್ಟಿತನದ ದರ್ಜೆ), ಆ್ಯಂಟಿ-ವೇರ್ ಅಂದರೆ ಸವೆತ ತಡೆಯುವ ಜಾತಿಯದು. ಕ್ಯಾನ್ ಮೇಲೆ 'ಎಡಬ್ಲ್ಯೂ' ಅಥವಾ 'ಎಚ್‌ಎಲ್‌ಪಿ' ಎಂದಿರುತ್ತದೆ. 46 ಅಂದರೆ 40 ಡಿಗ್ರಿಯಲ್ಲಿ ಅದರ ಗಟ್ಟಿತನ 46 ಸೆಂಟಿಸ್ಟೋಕ್. 100 ಡಿಗ್ರಿಗೆ ಏರಿದರೆ 7ರ ಆಸುಪಾಸಿಗೆ ಇಳಿಯುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಓಡಿಸುವವರು 68 ಹಾಕಬಹುದು, ಆದರೆ ಮ್ಯಾನ್ಯುಯಲ್ ಒಪ್ಪಿದರೆ ಮಾತ್ರ. ಉಳಿದಿದೆ ಅಂತ ಎಂಜಿನ್ ಆಯಿಲ್ ಸುರಿಯಬೇಡಿ. ಅದರ ಡಿಟರ್ಜೆಂಟ್ ನೀರನ್ನು ಕೆಳಗಿಳಿಯಲು ಬಿಡದೆ ಆಯಿಲ್‌ನಲ್ಲೇ ಹಿಡಿದಿಡುತ್ತದೆ.

ನಮ್ಮ ಮಲೆನಾಡು, ಕರಾವಳಿಯಲ್ಲಿ ನಿಜವಾದ ಶತ್ರು ನೀರೇ. ಹಗಲು ಕಾದ ಟ್ಯಾಂಕ್ ರಾತ್ರಿ ತಣಿದಾಗ ಬ್ರೀದರ್‌ನಿಂದ (ಟ್ಯಾಂಕ್‌ಗೆ ಗಾಳಿ ಬಂದು ಹೋಗುವ ಕಿಂಡಿ) ತೇವದ ಗಾಳಿ ಎಳೆದುಕೊಳ್ಳುತ್ತದೆ, ಆ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಆಯಿಲ್‌ಗೆ ಇಳಿಯುತ್ತದೆ. ಹಾಗಂತ ಬ್ರೀದರ್‌ಗೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿ ಮಷಿನ್ ಓಡಿಸಿದರೆ ಟ್ಯಾಂಕ್‌ಗೆ ಉಸಿರು ಕಟ್ಟಿ, ಪಂಪ್‌ಗೆ ಆಯಿಲ್ ಸಾಲದೆ ಲೋಟದಲ್ಲಿ ಜಲ್ಲಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಆ ಸದ್ದು ಬಂದಷ್ಟು ಹೊತ್ತೂ ಪಂಪ್ ಸವೆಯುತ್ತಿದೆ ಎಂದೇ ಅರ್ಥ. ಗರಿಯ ನಾರು, ದೂಳು ಮುಚ್ಚಿದ ಬ್ರೀದರ್‌ನಿಂದಲೂ ಇದೇ ಕಥೆ. ಮಷಿನನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಬ್ರೀದರ್ ತೊಳೆಯಿರಿ ಇಲ್ಲವೇ ಬದಲಿಸಿ.

ಪರೀಕ್ಷೆ ಸುಲಭ. ಓಡಿಸಿ ನಿಲ್ಲಿಸಿದ ಕೂಡಲೇ ಒಳಗಿರುವುದು ಕಾಣುವಂಥ ಗಾಜಿನ ಬಾಟಲಿಗೆ ಸ್ವಲ್ಪ ಆಯಿಲ್ ಹಿಡಿದು ರಾತ್ರಿಯಿಡೀ ಇಡಿ. ಮಜ್ಜಿಗೆಯಂತೆ ಇದ್ದದ್ದು ಒಂದು ಗಂಟೆಯಲ್ಲಿ ಮೇಲಿಂದ ನೊರೆ ಬಿಟ್ಟು ತಿಳಿಯಾದರೆ ಅದು ಗಾಳಿ: ಟ್ಯಾಂಕ್‌ನಿಂದ ಪಂಪ್‌ಗೆ ಆಯಿಲ್ ಎಳೆಯುವ ಸಕ್ಷನ್ ಹೋಸ್‌ನ ಕ್ಲಾಂಪ್ ಬಿಗಿ ಮಾಡಿ, ಆಯಿಲ್ ಮಟ್ಟ ನೋಡಿ. ಬೆಳಿಗ್ಗೆಯೂ ಮಂಕಾಗಿಯೇ ಇದ್ದರೆ, ಅಥವಾ ತಳದಲ್ಲಿ ನೀರಿನ ಗೆರೆ ಕಂಡರೆ, ಆಯಿಲ್ ಬದಲಿಸಲೇಬೇಕು. ಕಪ್ಪಗಾಗಿ ಸೀದ ವಾಸನೆ ಬಂದರೆ ಅದು ಕಾದು ಕೆಟ್ಟಿದ್ದು. ಸುಮಾರು 80 ಡಿಗ್ರಿ ದಾಟಿದರೆ ಸೀಲ್‌ಗಳೂ ಗಟ್ಟಿಯಾಗುತ್ತವೆ. ಟ್ಯಾಂಕ್ ಮೇಲೆ ಕೂತ ಪುಡಿಯ ಪದರ ಕೆರೆದು ತೆಗೆಯಿರಿ, ಅದು ಕಂಬಳಿ ಹೊದಿಸಿದಂತೆ.

ಬದಲಿಸುವಾಗ ಆಯಿಲ್ ಬೆಚ್ಚಗಿರಲಿ, ಗಸಿ ಅದರ ಜೊತೆಗೇ ಇಳಿಯುತ್ತದೆ. ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಕೀ ತೆಗೆದು, ಲಿವರ್ ಎರಡೂ ಕಡೆ ಆಡಿಸಿ ಒತ್ತಡ ಇಳಿಸಿ. ಟ್ಯಾಂಕ್ ತಳವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಸಕ್ಷನ್ ಜಾಲರಿ ತೊಳೆದು, ಟ್ಯಾಂಕ್‌ಗೆ ವಾಪಸ್ ಬರುವ ಆಯಿಲ್ ಸೋಸುವ ರಿಟರ್ನ್ ಫಿಲ್ಟರ್ ಹೊಸದು ಹಾಕಿ. ಹೊಸ ಆಯಿಲ್ ಅಂತ ನಂಬಬೇಡಿ, ಬ್ಯಾರಲ್‌ನಲ್ಲೂ ಕಸ ಇರುತ್ತದೆ, ಸೋಸಿಯೇ ತುಂಬಿ. ನಂತರ ಕಡಿಮೆ ಆರ್‌ಪಿಎಂನಲ್ಲಿ ಎರಡು ನಿಮಿಷ ಓಡಿಸಿ, ಮಷಿನ್ ನಿಲ್ಲಿಸಿ ಮಟ್ಟ ಮತ್ತೆ ನೋಡಿ.

ಸೋರಿಕೆ ಹುಡುಕಲು ಹೋಸ್ ಮೇಲೆ ಕೈ ಆಡಿಸಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಚುಕ್ಕೆಯಷ್ಟೇ ಕಂಡರೂ ಬೆರಳು ಕಳೆದುಕೊಳ್ಳುವ ಅಪಾಯ. ರಟ್ಟಿನ ತುಂಡು ಹಿಡಿದು ನೋಡಿ. ಒಂದು ವೇಳೆ ಚುಚ್ಚಿದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, 'ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ' ಎಂದೇ ಹೇಳಿ.